ಕುಂದರ್ರಿ, ತಾಳ ಹಿಡಕೊಳ್ರಿ

ನಾನು ಹಾಡುಗಾರನಲ್ಲ, ಕೇಳುಗಾರ. ಅದರಲ್ಲೂ ಖಾನ್ದಾನಿ ಕೇಳುಗಾರ ಎಂದು ನನಗೆ ನಾನೇ ಪದವಿ ಕೊಟ್ಟುಕೊಂಡವನು. ಡಿಸೆಂಬರ್ ಬಂತೆಂದರೆ ಕಲಬುರಗಿಯಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಪುಣೆಗೆ ಹೋಗುತ್ತಿದ್ದೆ. ಭೀಮಸೇನ ಜೋಶಿಯವರು ತಮ್ಮ ಗುರುವಿನ ನೆನಪಿಗೆ 1953ರಲ್ಲಿ ಶುರುಮಾಡಿದ ಸವಾಯಿ ಗಂಧರ್ವ ಉತ್ಸವದಲ್ಲಿ ಮಫ್ಲರ್ ಸುತ್ತಿಕೊಂಡು ಕೂತು ಬರುತ್ತಿದ್ದೆ. ರಾಗ ಅಲ್ಲಿ ಎಷ್ಟು ತಿಳಿಯಿತೋ ಹೇಳಲಾರೆ, ತಲೆ ಆಡಿಸುವ ವಿದ್ಯೆ ಮಾತ್ರ ಪೂರ್ತಿ ಕರಗತವಾಯಿತು. ವಿಲಂಬಿತಕ್ಕೆ ಎಷ್ಟು ಆಡಿಸಬೇಕು, ದ್ರುತಕ್ಕೆ ಎಷ್ಟು, ಯಾವ ಹೊತ್ತಿಗೆ ಕಣ್ಣು ಮುಚ್ಚಬೇಕು, ‘ಕ್ಯಾ ಬಾತ್’ ಅನ್ನುವುದನ್ನು ಮುಂದಿನ ಸಾಲಿನವರಿಗೂ ಹಿಂದಿನ ಸಾಲಿನವರಿಗೂ ಕೇಳುವಷ್ಟೇ ಮೆಲ್ಲಗೆ ಹೇಳುವುದು ಹೇಗೆ, ಎಲ್ಲ ಬರುತ್ತಿತ್ತು. ತೊಡೆಯ ಮೇಲೆ ಬೆರಳಲ್ಲಿ ತಾಳ ಹಾಕುವುದಂತೂ ನನ್ನ ಖಾಸಾ ಕಲೆ. ಮೂವತ್ತು ವರ್ಷ ಹಾಕಿದ್ದೇನೆ. ತೊಡೆ ಎಂದೂ ತಕರಾರು ಮಾಡಿಲ್ಲ.

ಪುಣೆಯಲ್ಲಿ ಟಿಕೆಟ್ ತೆಗೆದವನಿಗೆ ಸುಮ್ಮನೆ ಕೂತು ಕೇಳುವ ಹಕ್ಕಿರುತ್ತದೆ. ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಕಡೆ ಟಿಕೆಟ್ಟೂ ಇಲ್ಲ, ಆ ಹಕ್ಕೂ ಇಲ್ಲ. ಇಲ್ಲಿ ಹಾಡಿನ ಮುಂದೆ ಕೂತವನಿಗೆ ಏನಾದರೊಂದು ಕೆಲಸ ಹಚ್ಚಿಯೇ ತೀರುತ್ತಾರೆ.

ಆಳಂದದಲ್ಲಿ ಲಾಡ್ಲೆ ಮಶಾಕರ ಉರುಸಿನ ಕವ್ವಾಲಿ. ಹಾಡು ಕಾವೇರಿದಾಗ ಒಬ್ಬೊಬ್ಬರೇ ಎದ್ದು, ಎರಡೂ ಕೈಯಲ್ಲಿ ನೋಟು ಹಿಡಿದು, ಮುಂದೆ ಕೂತ ಹಿರಿಯರ ಮುಂದೆ ಬಾಗಿ ಕೊಡುತ್ತಿದ್ದರು. ಅವರು ಮುಟ್ಟಿದ ಮೇಲೆ ಅದು ಕವ್ವಾಲರ ಕಡೆ ಹೋಗುತ್ತಿತ್ತು. ನೋಡಿ ನೋಡಿ ನನಗೂ ಹುರುಪು ಬಂತು. ಎದ್ದು ಹೋದೆ, ಬಾಗಿದೆ. ಬಾಗಿದ ಮೇಲೆ ಕಂಡಿತು, ಕೈಯಲ್ಲಿರುವುದು 500ರ ನೋಟು. ನನ್ನ ಭಕ್ತಿ ಇದ್ದದ್ದು 100ರಷ್ಟು. ಹಿರಿಯರ ಕಿವಿಯ ಹತ್ತಿರ ಬಗ್ಗಿ, ‘ನೂರು ಹಿಡ್ಕೊಂಡು ನಾನೂರು ವಾಪಸ್ ಕೊಡ್ತೀರೇನ್ರಿ?’ ಅಂದುಬಿಟ್ಟೆ. ಅವರು ಭಾವಪರವಶರಾಗಿ ಕಣ್ಣು ಮುಚ್ಚಿಕೊಂಡರು. ಅದು ಹಾಡಿಗೋ ನನ್ನ ಮಾತಿಗೋ ಇವತ್ತಿಗೂ ಬಗೆಹರಿದಿಲ್ಲ. ನಾನೂರು ಬರಲಿಲ್ಲ.

ಅಫಜಲಪುರ ಕಡೆಯ ಜಾತ್ರೆಯೊಂದರಲ್ಲಿ ಹರದೇಶಿ-ನಾಗೇಶಿ. ಗಂಡು ಹೆಚ್ಚೆಂದು ಒಂದು ಮೇಳ, ಹೆಣ್ಣು ಹೆಚ್ಚೆಂದು ಇನ್ನೊಂದು ಮೇಳ, ಬೆಳತನಕ ವಾದ. ಹಾಡು ಶುರುವಾಗುವ ಮೊದಲು ಎರಡು ತಾಸು ಸತ್ಕಾರ ನಡೆಯಿತು, ಅದನ್ನು ಇಲ್ಲಿ ಬರೆಯದಿದ್ದರೆ ನನ್ನ ಸಿಟ್ಟು ಇಳಿಯುವುದಿಲ್ಲ. ಪೆಂಡಾಲು ಹಾಕಿದವನಿಗೆ ಶಾಲು, ಮೈಕಿನವನಿಗೆ ಶಾಲು, ಶಾಲು ತಂದವನಿಗೂ ಒಂದು ಶಾಲು. ಹಾಡುವ ಹೆಣ್ಣುಮಗಳು ಮೂಲೆಯಲ್ಲಿ ದಪ್ಪು ಕಾಯಿಸುತ್ತ, ಆಕಳಿಸುತ್ತ ಕೂತಿದ್ದಳು. ಅವಳಿಗೆ ಶಾಲಿಲ್ಲ. ಕಡೆಗೆ ಹಾಡಿಗೆ ನಿಂತಾಗ ಆ ಸಿಟ್ಟೆಲ್ಲ ಮುಂದಿನ ಸಾಲಿನ ಮೇಲೆ ತೀರಿಸಿಕೊಂಡಳು. ಮುಂದಿನ ಸಾಲಿನಲ್ಲಿ ಚಾಳೀಸು ಹಾಕಿದವನು ನಾನೊಬ್ಬನೇ. ‘ಶಾಣ್ಯಾ ಕಾಣ್ತಿ, ಹೇಳಪಾ, ನಿನ್ನ ಹಡದಾಕಿ ಯಾರು, ಗಂಡೋ ಹೆಣ್ಣೋ?’ ಅಂತ ನೇರ ನನಗೇ ಸವಾಲು. ಊರೆಲ್ಲ ನನ್ನ ಬಾಯಿ ನೋಡಿತು. ‘ಹೆಣ್ಣು’ ಅಂದೆ. ಹರದೇಶಿ ಮೇಳದವರು ನನ್ನನ್ನು ಕುಲದ್ರೋಹಿಯಂತೆ ನೋಡಿದರು. ಹೆಂಗಸರ ಕಡೆ ಕೂತಿದ್ದ ನನ್ನ ಹೆಂಡತಿ ಆ ಉತ್ತರವನ್ನು ಮನೆಯಲ್ಲಿ ಈಗಲೂ ದಾಖಲೆಯಾಗಿ ಬಳಸುತ್ತಾಳೆ.

ಇವೆರಡೂ ಹೋಗಲಿ. ನನ್ನ ಮಾನ ನಿಜವಾಗಿ ಹೋದದ್ದು ಜೇವರ್ಗಿ ಕಡೆ.

ಕಡಕೋಳ ಮಡಿವಾಳಪ್ಪನವರ ಸೀಮೆ ಅದು. ಕಡಕೋಳ ಈಗ ಯಡ್ರಾಮಿ ತಾಲೂಕಿಗೆ ಹೋಗಿದೆ, ನಮ್ಮ ಬಾಯಲ್ಲಿ ಮಾತ್ರ ಇನ್ನೂ ಜೇವರ್ಗಿಯಲ್ಲೇ ಇದೆ. ಮಡಿವಾಳಪ್ಪ ಹುಟ್ಟಿದ್ದು ಅಫಜಲಪುರದ ಬಿದನೂರಿನಲ್ಲಿ, ನೆಲೆ ನಿಂತದ್ದು ಕಡಕೋಳದಲ್ಲಿ. ಶಿಷ್ಯರೋ, ಚೆನ್ನೂರಿನ ಜಲಾಲಸಾಬ, ಖೈನೂರಿನ ಕೃಷ್ಣಪ್ಪ, ತೆಲುಗಬಾಳದ ರೇವಪ್ಪ. ಒಂದೊಂದು ಊರಿಗೆ ಒಬ್ಬೊಬ್ಬ, ಒಂದೊಂದು ಜಾತಿಗೆ ಒಬ್ಬೊಬ್ಬ. ಅವರ ತತ್ವಪದಗಳನ್ನು ಅಮಾವಾಸ್ಯೆಗೆ ಊರೂರ ಮಠದಲ್ಲಿ ರಾತ್ರಿಯಿಡೀ ಹಾಡುತ್ತಾರೆ. ಅಂಥದೊಂದು ಸಣ್ಣ ಊರಿನ ಸಣ್ಣ ಮಠಕ್ಕೆ ನಾನು ಸ್ಕೂಟರ್ ಹತ್ತಿ, ಕಟ್ಟಿಸಂಗಾವಿಯಲ್ಲಿ ಭೀಮಾ ದಾಟಿ ಹೋದೆ. ಹೋದದ್ದು ಕೇಳಲಿಕ್ಕೆ. ಮೂಲೆಯ ಕಂಬವನ್ನೂ ನೋಡಿಟ್ಟುಕೊಂಡಿದ್ದೆ, ತಲೆ ಆಡಿಸಲು ಪ್ರಶಸ್ತವಾದ ಕಂಬ.

ಕಂಬದ ತನಕ ಹೋಗಲು ಬಿಡಲಿಲ್ಲ. ಏಕತಾರಿ ಹಿಡಿದ ಮುದುಕ, ಕೆಂಪು ಪಟಗದವನು, ‘ಬರ್ರಿ ಬರ್ರಿ, ಇಲ್ಲೇ ಕುಂದರ್ರಿ, ತಾಳ ಹಿಡಕೊಳ್ರಿ’ ಅಂದ. ಇಲ್ರಿ, ನಾನು ಬರೇ ಕೇಳಾಂವ ಅಂದೆ. ‘ಕೈ ಅದಾವಿಲ್ಲೋ?’ ಅಂದ. ಕೈ ಇದ್ದವು. ಹಿತ್ತಾಳೆಯ ತಾಳದ ದಾರವನ್ನು ನನ್ನ ತೋರುಬೆರಳಿಗೆ ಅವನೇ ಸುತ್ತಿ, ಎಳೆದು ನೋಡಿ, ಎತ್ತಿಗೆ ಮೂಗುದಾರ ಹಾಕಿದವನಂತೆ ಸಮಾಧಾನಪಟ್ಟು ಹೋದ.

ಮೊದಲ ನುಡಿಗೇನೂ ತೊಂದರೆಯಾಗಲಿಲ್ಲ. ಕೆಹರವಾ, ಎಂಟು ಮಾತ್ರೆ, ಎಳೆಕೂಸಿಗೂ ಬರುವಂಥದು. ತೊಂದರೆ ಏನೆಂದರೆ, ತೊಡೆಗೆ ದನಿ ಇರುವುದಿಲ್ಲ, ಹಿತ್ತಾಳೆಗೆ ಇರುತ್ತದೆ. ಮೂವತ್ತು ವರ್ಷ ನನ್ನ ತೊಡೆ ಯಾರಿಗೂ ಹೇಳದೆ ಮುಚ್ಚಿಟ್ಟುಕೊಂಡಿದ್ದ ಸತ್ಯವನ್ನು ಆ ತಾಳ ಮೂರೇ ನಿಮಿಷದಲ್ಲಿ ಊರಿಗೆಲ್ಲ ಸಾರಿತು. ಗಾಣಗಾಪುರ ರೋಡ್ ಸ್ಟೇಷನ್ನಿನಲ್ಲಿ ಇಳಿದು ದತ್ತಾತ್ರೇಯನ ಗುಡಿ ಎಲ್ಲಿ ಎಂದು ಹುಡುಕುವ ಯಾತ್ರಿಕರನ್ನು ನೋಡಿದ್ದೀರಲ್ಲ? ಅಲ್ಲಿರುವುದು ರೋಡು, ಗಾಣಗಾಪುರಕ್ಕೆ ಇನ್ನೂ 20 ಕಿಲೋಮೀಟರ್ ಹೋಗಬೇಕು. ನನ್ನ ಸಮ್ಮೂ, ಅಂದರೆ ತಾಳದ ಮೊದಲ ಪೆಟ್ಟೂ, ಹಾಗೇ. ಎಲ್ಲರೂ ಗುಡಿಯಲ್ಲಿ ಗಂಟೆ ಹೊಡೆಯುತ್ತಿದ್ದಾಗ ನಾನು ಸ್ಟೇಷನ್ನಿನಲ್ಲಿ ಚೀಲ ಹಿಡಿದು ನಿಂತಿರುತ್ತಿದ್ದೆ. ಒಮ್ಮೊಮ್ಮೆ ಎಲ್ಲರಿಗಿಂತ ಮೊದಲೇ ಓಡಿ ಸಂಗಮಕ್ಕೇ ಬಿದ್ದಿರುತ್ತಿದ್ದೆ.

ಪೇಟಿ ಮಾಸ್ತರ ಗದುಗಿನ ಪುಣ್ಯಾಶ್ರಮದಲ್ಲಿ ಕಲಿತು ಬಂದವನು. ಕಣ್ಣು ಕಾಣದು. ಕಾಣದ್ದರಿಂದಲೇ ಇರಬೇಕು, ಅಷ್ಟು ಮಂದಿಯೊಳಗೆ ಕರಾರುವಾಕ್ಕಾಗಿ ನನ್ನ ಕಡೆಗೇ ಮುಖ ತಿರುಗಿಸಿ ನಕ್ಕ.

ಸರಿ, ನಿಲ್ಲಿಸಿಬಿಡೋಣ ಅಂದುಕೊಂಡೆ. ನಿಲ್ಲಿಸುವುದು ಅಷ್ಟು ಸುಲಭವಲ್ಲ. ತಪ್ಪಾಗಿ ಬಾರಿಸುತ್ತಿರುವವನು ತಟ್ಟನೆ ನಿಂತರೆ, ಇಷ್ಟೊತ್ತೂ ತಪ್ಪಿದ್ದು ಯಾರು ಎನ್ನುವುದು ಕೇಳದವರಿಗೂ ಕೇಳಿಸುತ್ತದೆ. ಪದ ಮುಗಿದಾಗ ಮೆಲ್ಲಗೆ ಜಾರೋಣವೆಂದು ಕಾದೆ. ಆ ಹೊತ್ತಿಗೇ ಒಂದು ಸೊಳ್ಳೆ ಬಂದು ಮೂಗಿನ ಎಡ ಸೊಳ್ಳೆಯ ಮೇಲೆ ಕೂತಿತು. ಮೂಗಿಗೂ ಅದಕ್ಕೂ ಒಂದೇ ಹೆಸರಿಟ್ಟ ನಮ್ಮ ಹಿರಿಯರಿಗೆ ಈ ಸಂಬಂಧ ಗೊತ್ತಿರಬೇಕು. ಎರಡೂ ಕೈ ತಾಳದಲ್ಲಿ. ಊದಿದೆ, ಹೋಗಲಿಲ್ಲ. ತುಟಿ ಸೊಟ್ಟ ಮಾಡಿ ಮೇಲಕ್ಕೆ ಊದಿದೆ. ತಲೆ ಕೊಡವಿದೆ, ಹುಬ್ಬು ಹಾರಿಸಿದೆ, ಮೂಗು ಅರಳಿಸಿದೆ, ಮುದುಡಿದೆ. ಎದುರಿಗೆ ಕೂತಿದ್ದ ಮುದುಕಿಯರು ನನ್ನನ್ನು ನೋಡಿ ಕೈ ಮುಗಿದರು. ಒಬ್ಬಾಕೆ ಇನ್ನೊಬ್ಬಾಕೆಗೆ ‘ಹತ್ತ್ಯಾದ ನೋಡು’ ಅನ್ನುವುದು ಸ್ಪಷ್ಟವಾಗಿ ಕೇಳಿಸಿತು. ನನಗೆ ಹತ್ತಿದ್ದು ಸೊಳ್ಳೆ, ಅವರು ತಿಳಿದದ್ದು ಅನುಭಾವ. ಸವಾಯಿ ಗಂಧರ್ವದಲ್ಲಿ ಮೂವತ್ತು ವರ್ಷ ತಲೆ ಆಡಿಸಿದರೂ ಯಾರೂ ನನ್ನನ್ನು ಹಾಗೆ ನೋಡಿರಲಿಲ್ಲ. ಮೂಗಿನ ಉರಿಯಲ್ಲೂ ಒಂದಿಷ್ಟು ಸುಖವಾಯಿತು ಎಂದು ಒಪ್ಪಿಕೊಳ್ಳಬೇಕು. ಇನ್ನೊಂದೆರಡು ಸಲ ತಲೆ ಕೊಡವಿದೆ, ಅವು ಸೊಳ್ಳೆಯ ಲೆಕ್ಕಕ್ಕೆ ಸೇರಿದವಲ್ಲ.

ಕಡೆಯ ನುಡಿ ಬಂತು. ಅಂಕಿತ ಬಂತು. ಮುಗಿಯಿತು ಎಂದು ಬಲಗೈ ಎತ್ತಿ ಮೂಗಿನ ಹತ್ತಿರ ಒಯ್ದೆ. ಮುದುಕ ಏಕತಾರಿಯನ್ನು ಎದೆಗೊತ್ತಿಕೊಂಡು ಮತ್ತೆ ಪಲ್ಲವಿಗೆ ಹೋದ. ಎಲ್ಲರೂ ಹೋದರು. ನನ್ನ ಕೈ ಗಾಬರಿಯಾಗಿ ಕೆಳಗಿಳಿಯಿತು, ತಾಳ ತಾಳಕ್ಕೆ ಬಡಿಯುವ ಬದಲು ಗಲ್ಲಕ್ಕೆ ಬಡಿಯಿತು. ಪಕ್ಕದಲ್ಲಿದ್ದ ದಮ್ಮಡಿ ಬಾರಿಸುವ ಅಜ್ಜಿ ಏನೂ ಅನ್ನಲಿಲ್ಲ. ದಮ್ಮಡಿ ಕೆಳಗಿಟ್ಟು, ನನ್ನ ಎರಡೂ ಮಣಿಕಟ್ಟು ಹಿಡಿದು, ರೊಟ್ಟಿ ಬಡಿಯುವ ಹದದಲ್ಲಿ ನನ್ನ ಕೈಗಳನ್ನು ತಾನೇ ಬಾರಿಸತೊಡಗಿದಳು. ಐವತ್ತೆರಡು ವರ್ಷದ ಗಂಡಸು, ಖಾನ್ದಾನಿ ಕೇಳುಗಾರ, ಬೆಳ್ಳಿ ಮೂಡುವ ತನಕ ಹೀಗೆ ಬಾರಿಸಿಕೊಂಡೆ.

ಬೆಳಗ್ಗೆ ಚುರುಮುರಿ ಸುಶೀಲಾ, ಚಹಾ ಆಯಿತು. ಸ್ಕೂಟರ್ ಹತ್ತಿ ಬಂದೆ. ಕಟ್ಟಿಸಂಗಾವಿ ಸೇತುವೆಯ ಮೇಲೆ ಹಾರ್ನ್ ಒತ್ತಿದರೆ ಝಣ್ ಎಂದಿತು. ನೋಡಿದರೆ ಬೆರಳಲ್ಲಿ ದಾರ, ದಾರಕ್ಕೆ ತಾಳ. ತಿರುಗಿ ಹೋಗಿ ಕೊಟ್ಟು ಬರುವಾಗ ಇಡೀ ಊರು ಕಟ್ಟೆಯ ಮೇಲೆ ಕೂತು ನಕ್ಕಿತು.

ಎರಡು ವರ್ಷದ ಮೇಲೆ ಬ್ಯಾಸಗಿಯಲ್ಲಿ ಅವ್ವ ಹೋದಳು. ಆಳಂದ ತಾಲೂಕಿನ ನಮ್ಮೂರಲ್ಲಿ. ಹೊತ್ತು ಮುಳುಗಿದ ಮೇಲೆ ಹೋದದ್ದರಿಂದ ಮಣ್ಣು ಮರುದಿನಕ್ಕೆ. ಅವ್ವನನ್ನು ಪಡಸಾಲೆಯ ಗೋಡೆಗೆ ಆನಿಸಿ ಕೂಡಿಸಿ, ವಿಭೂತಿ ಹಚ್ಚಿ, ಹೂ ಏರಿಸಿದ್ದರು. ರಾತ್ರಿ ಭಜನೆಯಾಗಬೇಕಲ್ಲ, ಯಾರೋ ಎಲ್ಲಿಗೋ ಫೋನ್ ಮಾಡಿದರು. ಹನ್ನೊಂದರ ಸುಮಾರಿಗೆ ಟಂಟಂನಿಂದ ಇಳಿದವರಲ್ಲಿ ಮುಂದಿದ್ದದ್ದು ಕೆಂಪು ಪಟಗ. ಅಷ್ಟು ದೂರದಿಂದ ಅವನೇ ಯಾಕೆ ಬಂದ, ಯಾರು ಹೇಳಿದರು, ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಬಂದವನು ಅವ್ವನಿಗೆ ಕೈ ಮುಗಿದ. ಕಂಬಕ್ಕೆ ಒರಗಿ ನಿಂತಿದ್ದ ನನ್ನ ಹತ್ತಿರ ಬಂದ. ಚೀಲದಿಂದ ತಾಳ ತೆಗೆದು ಬೆರಳಿಗೆ ದಾರ ಸುತ್ತಿ ಎಳೆದು ನೋಡಿದ. ‘ಕುಂದರ್ರಿ’ ಅಂದ.

ಬೆಳತನಕ ಬಾರಿಸಿದೆ. ಒಮ್ಮೆಯೂ ತಪ್ಪಿದಂತೆ ಕಾಣಲಿಲ್ಲ. ನಾನೂ ಕಲಿತೆನೇನೋ ಅನ್ನಿಸಿ, ಅಂಥ ಹೊತ್ತಿನಲ್ಲೂ ನನ್ನೊಳಗಿನ ಖಾನ್ದಾನಿ ಮನುಷ್ಯ ಒಂದು ಚೂರು ಎದೆ ಸೆಟೆಸಿದ.

ಬೆಳಕು ಹರಿದಾಗ ಮುದುಕನಿಗೆ ಚಹಾ ಕೊಡುತ್ತ ಕೇಳಿಯೇಬಿಟ್ಟೆ: ‘ಇವತ್ತು ತಾಳ ಬರೋಬ್ಬರಿ ಇತ್ತಲ್ರಿ?’

‘ಎಲ್ಲಿ ಬರೋಬ್ಬರಿ? ಹಂಗ ಮುಂದ ಮುಂದ ಓಡ್ಲಿಕತ್ತಿದ್ರಿ,’ ಅಂದ. ‘ನಾವ ನಿಮ್ಮ ಹಿಂದ ಹಿಂದ ಬಂದ್ವಿ.’

ಬಸಿಯೊಳಗಿನ ಚಹಾ ಮುಗಿಸಿ, ಮೀಸೆ ಒರೆಸಿಕೊಂಡು, ಅಂಗೈ ಚಾಚಿದ.

‘ತಾಳ ಕೊಡ್ರಿ. ಹ್ವಾದ ಸಲದಂಗ ಒಯ್ದಗಿಯ್ದೀರಿ.’