ಪ್ರಾರ್ಥನೆ ಮಾಡಿ ಹೇಳುತ್ತೇನೆ

ಸಿಂಹದ ಬಾಯಿಗೆ ಬೀಳಲು ನಾನು ಯಾವತ್ತೂ ತಯಾರು. ಯೇಸುಸ್ವಾಮಿಯ ಶಿಷ್ಯರಾದ ತಪ್ಪಿಗೆ ರೋಮಿನ ಜನ ಏನೇನು ಅನುಭವಿಸಿದರೆಂದು ಸಂಡೇ ಸ್ಕೂಲಿನಲ್ಲಿ ಕೇಳಿಯೇ ಬೆಳೆದವನು. ಸಮಯ ಬಂದರೆ ನಾನೂ ಹಿಂಜರಿಯಬಾರದು ಎಂದು ಆಗಲೇ ಗಟ್ಟಿ ಮಾಡಿಕೊಂಡಿದ್ದೆ. ತೊಂದರೆ ಏನೆಂದರೆ, ಮಂಗಳೂರಿನಲ್ಲಿ ಈಗ ಸಿಂಹ ನೋಡಬೇಕಾದರೂ ಟಿಕೆಟ್ ತೆಗೆಯಬೇಕು. ಅದು ಬೇಲಿಯಾಚೆ ನಮ್ಮ ಕಡೆ ಬೆನ್ನು ಹಾಕಿ ಮಲಗಿರುತ್ತದೆ. ಹಾಗಾಗಿ ನನ್ನ ಧೈರ್ಯ ಇನ್ನೂ ಬಳಸದೆ ಹೊಸದಾಗಿಯೇ ಉಳಿದಿದೆ.

ನನಗೆ ಬರುವ ಕರೆಗಳೇ ಬೇರೆ. "ನೀವು ಹೇಗೂ ಆ ಕಡೆಗೇ ಹೋಗುವವರಲ್ವಾ, ದೊಡ್ಡಮ್ಮನನ್ನು ಸ್ಕೂಟರಿನಲ್ಲಿ ಕಂಕನಾಡಿಗೆ ಒಮ್ಮೆ ಬಿಡ್ತೀರಾ?" ಆರಾಧನೆ ಮುಗಿದು ಬಲ್ಮಠದ ಚರ್ಚಿನ ಗೇಟಿನ ಹತ್ತಿರ ನಮ್ಮ ಸಭಾಪಾಲಕ ಅಯ್ಯನವರು ಒಮ್ಮೆ ಕೇಳಿದ್ದು ಇಷ್ಟೇ. ನಾನು ಆ ಕಡೆಗೆ ಹೋಗುವವನೇ ಅಲ್ಲ. ಆದರೆ ಅವತ್ತಿನ ಪ್ರಸಂಗವೇ ಎರಡನೆಯ ಮೈಲಿಯ ಬಗ್ಗೆ. ರೋಮಿನ ಸಿಪಾಯಿ ದಾರಿಯಲ್ಲಿ ಸಿಕ್ಕವನ ಮೇಲೆ ಮೂಟೆ ಹೊರಿಸಿ ಒಂದು ಮೈಲಿ ನಡೆಸಬಹುದಿತ್ತಂತೆ. ಎರಡನೆಯ ಮೈಲಿಯನ್ನು ನೀನಾಗಿಯೇ ನಡೆ ಎಂಬುದು ಯೇಸುವಿನ ಮಾತು. ಸಿಪಾಯಿಯ ಮೂಟೆ ಮಾತಾಡುತ್ತಿರಲಿಲ್ಲ ಎಂಬುದನ್ನು ಮಾತ್ರ ಯಾವ ವ್ಯಾಖ್ಯಾನಕಾರರೂ ಗಮನಿಸಿದಂತಿಲ್ಲ. ದೊಡ್ಡಮ್ಮ ಕಂಕನಾಡಿ ಮುಟ್ಟುವುದರೊಳಗೆ ನನ್ನ ಸಂಬಳ, ಮಗಳ ಮಾರ್ಕು, ಇನ್ನೂ ಸ್ವಂತ ಮನೆ ಕಟ್ಟದಿರಲು ಕಾರಣ ಎಲ್ಲವನ್ನೂ ವಿಚಾರಿಸಿ ಮುಗಿಸಿದರು. ಇಳಿಯುವ ಜಾಗ ಬಂದಾಗ, "ಇಷ್ಟು ದೂರ ಬಂದಾಯ್ತಲ್ಲ ಮಾರಾಯಾ, ಪಂಪ್‌ವೆಲ್‌ವರೆಗೆ ಹೋಗುವ" ಅಂದರು. ಎರಡನೆಯ ಮೈಲಿ!

ನೆಪಗಳಿಗೇನೂ ಬರವಿಲ್ಲ. ಲೂಕನ ಸುವಾರ್ತೆಯ ಔತಣದ ಸಾಮ್ಯದಲ್ಲೇ ಮೂರು ಸಿಗುತ್ತವೆ. ಒಬ್ಬ ಹೊಲ ಕೊಂಡಿದ್ದಾನೆ, ಹೋಗಿ ನೋಡಬೇಕಂತೆ. ಪಹಣಿ ನೋಡದೆ, ಗಡಿಕಲ್ಲು ಹುಡುಕದೆ, ಪಕ್ಕದವನ ಹತ್ತಿರ ಜಗಳವಾಡದೆ ಹೊಲ ಕೊಂಡವನನ್ನು ನಮ್ಮ ಜಿಲ್ಲೆಯಲ್ಲಿ ತೋರಿಸಿ! ಇನ್ನೊಬ್ಬ ಐದು ಜೋಡಿ ಎತ್ತು ಕೊಂಡಿದ್ದಾನೆ, ಇನ್ನು ಪರೀಕ್ಷೆ ಮಾಡಬೇಕಂತೆ. ಹಲ್ಲು ಎಣಿಸದೆ ಹತ್ತು ಎತ್ತಿಗೆ ದುಡ್ಡು ಕೊಟ್ಟವನು ಊಟಕ್ಕೆ ಬಾರದಿದ್ದದ್ದೇ ಕ್ಷೇಮ. ಇವರಿಬ್ಬರೂ ಕ್ಷಮಿಸಬೇಕು ಎಂದಾದರೂ ಅಂದರು. ಮೂರನೆಯವನು ಹಾಗೂ ಅನ್ನಲಿಲ್ಲ: ಮದುವೆಯಾಗಿದೆ, ಬರಲಾಗುವುದಿಲ್ಲ, ಅಷ್ಟೇ. ಮೂವರಲ್ಲಿ ನಿಜ ಹೇಳಿದವನು ಅವನೊಬ್ಬನೇ ಎಂದು ನನ್ನ ಅನುಮಾನ.

ಆದರೆ ಈ ಮೂವರಿಗೂ ಹೊಳೆಯದ ಬ್ರಹ್ಮಾಸ್ತ್ರವೊಂದನ್ನು ನಮ್ಮ ಸಭೆಗಳು ಕಂಡುಹಿಡಿದಿವೆ: "ಪ್ರಾರ್ಥನೆ ಮಾಡಿ ಹೇಳುತ್ತೇನೆ, ಅಯ್ಯನವರೇ." ಸಂಡೇ ಸ್ಕೂಲಿಗೆ ಟೀಚರ್ ಬೇಕು, ಆಸ್ಪತ್ರೆಯಲ್ಲಿರುವವರ ಹತ್ತಿರ ರಾತ್ರಿ ಕೂರಲು ಜನ ಬೇಕು, ಎಲ್ಲಕ್ಕೂ ಇದೊಂದೇ ಉತ್ತರ. ಪ್ರಾರ್ಥನೆ ಮಾಡಬೇಡಿ ಎನ್ನಲು ಪಾಪ ಯಾವ ಸಭಾಪಾಲಕರಿಗೆ ಬಾಯಿ ಬರುತ್ತದೆ?

ಪೇತ್ರ ಹಾಗೆ ಹೇಳಲಿಲ್ಲ. ಯೇಸು ಕರೆದದ್ದೇ ಬಲೆ ಬಿಟ್ಟು ಹೊರಟ. ಹೊರಟು ಹೋದದ್ದೆಲ್ಲಿಗೆ? ಮಾರ್ಕನ ಮೊದಲನೆಯ ಅಧ್ಯಾಯ ಮುಗಿಯುವುದರೊಳಗೆ ಕಪೆರ್ನೌಮಿನ ತನ್ನ ಮನೆಗೇ ಬಂದಿದ್ದಾನೆ, ಗುರುವನ್ನೂ ಯಾಕೋಬ ಯೋಹಾನರನ್ನೂ ಕರೆದುಕೊಂಡು. ಒಳಗೆ ಅತ್ತೆ ಜ್ವರದಲ್ಲಿ ಮಲಗಿದ್ದಾಳೆ. ಯೇಸು ಕೈಹಿಡಿದು ಎಬ್ಬಿಸಿದರು, ಜ್ವರ ಬಿಟ್ಟಿತು, ಆಕೆ ಎದ್ದವಳೇ ಉಪಚಾರಕ್ಕೆ ನಿಂತಳು. ಪೇತ್ರನ ಹೆಂಡತಿ ಏನಂದಳೆಂದು ನಾಲ್ಕು ಸುವಾರ್ತೆಗಳಲ್ಲಿ ಎಲ್ಲಿಯೂ ಇಲ್ಲ. ಆಮೇಲೆ ಪೌಲ ಕೊರಿಂಥದವರಿಗೆ ಬರೆದ ಕಾಗದದಿಂದ ಮಾತ್ರ, ಆಕೆಯೂ ಗಂಡನ ಜೊತೆ ಊರೂರು ತಿರುಗುತ್ತಿದ್ದಳೆಂದು ಗೊತ್ತಾಗುತ್ತದೆ. ಇದನ್ನು ಮನೆಯಲ್ಲಿ ಹೇಳಿದಾಗ ನನ್ನವಳು, "ಗಂಡ ಬಿಟ್ಟ ಬಲೆಯ ಲೆಕ್ಕ ಎರಡು ಸಾವಿರ ವರ್ಷದಿಂದ ಹೇಳ್ತಾ ಇದ್ದೀರಿ. ಅವಳು ಏನೇನು ಬಿಟ್ಟು ಹೊರಟಳು ಅಂತ ಯಾರಾದರೂ ಕೇಳಿದ್ದುಂಟಾ?" ಅಂದಳು. ನಾನು ಪತ್ರಿಕೆ ಓದಲು ಶುರುಮಾಡಿದೆ.

ನಮ್ಮ ಹಿರಿಯರಿಗೆ ಈ ಕರೆ ತಮಾಷೆಯಾಗಿರಲಿಲ್ಲ. 1834ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದ ಮೇಲೆ ಶಿಷ್ಯರಾದವರಲ್ಲಿ ಎಷ್ಟೋ ಮಂದಿ ಮನೆಯಿಂದಲೂ ಜಾತಿಯಿಂದಲೂ ಹೊರಬಿದ್ದರು. ಜೊತೆಗೆ ಕಸುಬೂ ಹೋಯಿತು. ಅವರ ಹೊಟ್ಟೆಪಾಡಿಗೆಂದು ಮಿಶನ್ ಮಗ್ಗ ಹಾಕಿತು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಭಾನುವಾರ ಪ್ರಸಂಗ, ಸೋಮವಾರ ಜೇಡಿಮಣ್ಣು. ನನ್ನನ್ನು ಕೇಳಿದರೆ ಸೋಮವಾರದ ಪಾಠವೇ ಹೆಚ್ಚು ಖಡಕ್ಕು. ಹೆಂಚು ಓರೆಯಾದರೆ ಮಾಡು ಸೋರುತ್ತದೆ; ಭಕ್ತಿಯಿಂದ ಮಾಡಿದ ಹೆಂಚೆಂದು ನಮ್ಮ ಆಷಾಢದ ಮಳೆ ರಿಯಾಯಿತಿ ಕೊಡುವುದಿಲ್ಲ.

ಈಗಿನ ನಮ್ಮ ಶಿಷ್ಯತ್ವ ನೋಡಬೇಕಾದರೆ ಬೆಳೆ ಹಬ್ಬಕ್ಕೆ ಬನ್ನಿ. ಏಲಮ್ಮಿನಲ್ಲಿ ಒಂದು ಕುಂಬಳಕಾಯಿಗೆ ಮೂರು ಮನೆತನಗಳು ಪೈಪೋಟಿಗೆ ಬೀಳುತ್ತವೆ. ಕೊನೆಗೆ ಆ ದುಡ್ಡಿನಲ್ಲಿ ಕುಂಬಳದ ತೋಟವನ್ನೇ ಮಾಡಬಹುದು. ಮೈಕಿನಲ್ಲಿ ಹೆಸರು ಕೂಗುವಷ್ಟು ಹೊತ್ತೂ ಎಲ್ಲರ ಹೃದಯ ವಿಶಾಲ. ಊಟ ಮುಗಿದು ಹಿತ್ತಿಲಿನಲ್ಲಿ ಅನ್ನದ ಕಟಾರ ತೊಳೆಯುವ ಹೊತ್ತಿಗೆ ಮೈಕೂ ಇರುವುದಿಲ್ಲ, ಮನೆತನಗಳೂ ಇರುವುದಿಲ್ಲ. ಸ್ತ್ರೀಯರ ಸಂಘದ ನಾಲ್ಕು ಮಂದಿ, ನಳ್ಳಿ ನೀರು, ತೆಂಗಿನ ನಾರು.

ಈ ವರ್ಷದ ಬೆಳೆ ಹಬ್ಬ ಹತ್ತಿರ ಬಂತು. ಪಾತ್ರೆ ತೊಳೆಯಲು ಗಂಡಸರೂ ಬೇಕಾಗಿದ್ದಾರೆ. ಪ್ರಾರ್ಥನೆ ಮಾಡಿ ಹೇಳುತ್ತೇನೆ ಎನ್ನುವವರು ದಯವಿಟ್ಟು ಊಟಕ್ಕೆ ಕೂರುವ ಮೊದಲೇ ಪ್ರಾರ್ಥನೆ ಮುಗಿಸಿ ಬನ್ನಿ.