ನೀರುಣಿಸಿದರೂ ತಣಿಯದವನು

ಬೆಂಗಳೂರಿನ ಫ್ಲ್ಯಾಟೊಂದರ ಎರಡನೇ ಬೆಡ್‌ರೂಮಿನಲ್ಲಿ ಕಂಪ್ಯೂಟರಿನ ಗಾಜಿನ ಕ್ಯಾಬಿನೆಟ್ಟೊಂದು ಬಣ್ಣಬಣ್ಣದ ದೀಪ ಮಿನುಗಿಸುತ್ತಿದ್ದು, ಅದರೆದುರು ಕೂತವನು ಆಟ ಬಿಟ್ಟು ಪರದೆಯ ಮೂಲೆಯ ಅಂಕಿಯನ್ನೇ ದಿಟ್ಟಿಸುತ್ತಿದ್ದರೆ, ಅವನು ಯಂತ್ರವನ್ನು ನೀರಿನಿಂದ ತಣಿಸುವ ವಾಟರ್‌ಕೂಲಿಂಗ್ ಪಂಥದವನೆಂದು ಧಾರಾಳವಾಗಿ ಹೇಳಬಹುದು. ಆಟದೊಳಗಿನ ಶತ್ರು ಬೆನ್ನಿಗೇ ಗುಂಡು ಹೊಡೆದು ಹೋದರೂ ಅವನಿಗೆ ಪರಿವೆಯಿಲ್ಲ. ಪ್ರೊಸೆಸರಿನ ಶಾಖ ತೋರುವ ಆ ಅಂಕಿ 78ರಿಂದ 81 ಡಿಗ್ರಿಗೆ ಹಾರಿದರೆ ಮಾತ್ರ ಎದೆ ಧಸಕ್ಕೆನ್ನುತ್ತದೆ. ಇವನ ಕಷ್ಟ ಶಾಖದ್ದೆಂದು ಹೆಂಡತಿಯಿಂದ ಹಿಡಿದು ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಯವರ ತನಕ ಎಲ್ಲರೂ ನಂಬಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಇವನಿಗೆ ಬೇಕಿರುವುದು ಕ್ಯಾಬಿನೆಟ್ ಬಿಚ್ಚಲು ಒಂದು ನೆಪ. ಶಾಖ ಅದನ್ನು ಪುಕ್ಕಟೆಯಾಗಿ ಒದಗಿಸುತ್ತದೆ.

ಅವನು ಕಾರಣ ಹುಡುಕುವ ಕ್ರಮವನ್ನೇ ನೋಡಿ. ಮೊದಲು ನೋಡಬೇಕಾದವು ಬಹುಪಾಲು ಕಾಸು ಬೇಡದ ಸಂಗತಿಗಳು. ನೀರನ್ನು ತಿರುಗಿಸುವ ಪಂಪ್ ನಿಂತಿದ್ದರೆ ಪ್ರೊಸೆಸರ್ ನೋಡನೋಡುತ್ತ 90 ದಾಟುತ್ತದೆ, ರೇಡಿಯೇಟರ್ ಮಾತ್ರ ತಣ್ಣಗೇ ಇರುತ್ತದೆ. ಬಿಸಿ ಹುಟ್ಟಿದ ಜಾಗ ಬಿಟ್ಟು ಕದಲಿಲ್ಲ ಎಂದರ್ಥ. ಇದನ್ನು ತಿಳಿಯಲು ಬೆರಳೊಂದು ಸಾಕು. ಪಂಪಿನ ವೈರು ಮದರ್‌ಬೋರ್ಡಿನ ತಪ್ಪು ಜಾಗದಲ್ಲಿ ಸಿಕ್ಕಿಸಿದ್ದರೂ ಇದೇ ಕಥೆ. ರೇಡಿಯೇಟರನ್ನು ಪಂಪಿಗಿಂತ ಕೆಳಗೆ ಕೂರಿಸಿದ್ದರೆ ಕೊಳವೆಯೊಳಗಿನ ಗಾಳಿಯೆಲ್ಲ ಪಂಪಿನಲ್ಲೇ ಸೇರಿ ಗುಳುಗುಳು ಎನ್ನುತ್ತದೆ. ಪ್ರೊಸೆಸರಿನ ಮೇಲೆ ಕೂರುವ ತಾಮ್ರದ ತಳಕ್ಕೆ ಅಂಟಿಸಿದ ಪ್ಲಾಸ್ಟಿಕ್ ಹಾಳೆಯನ್ನು ಕೀಳದೆಯೇ ಕೂರಿಸಿಬಿಟ್ಟ ಮಹಾನುಭಾವರೂ ಉಂಟು. ನಮ್ಮವನು ಇವನ್ನೆಲ್ಲ ದಾಟಿ ನೇರ ಆ ತಳಕ್ಕೂ ಪ್ರೊಸೆಸರಿಗೂ ನಡುವೆ ಹಚ್ಚುವ ಥರ್ಮಲ್ ಪೇಸ್ಟಿಗೆ ಕೈಹಾಕುತ್ತಾನೆ. ಅದನ್ನು ಬಟಾಣಿಯಷ್ಟು ಇಡಬೇಕೋ, ಗುಣಾಕಾರದ ಗುರುತಿನಂತೆ ಎಳೆಯಬೇಕೋ ಎಂಬ ಜಿಜ್ಞಾಸೆಯಲ್ಲಿ ಒಂದು ರಾತ್ರಿ ಕಳೆಯುತ್ತದೆ. ಆಮೇಲೆ ಹೊಸ ಫ್ಯಾನು, ಆಮೇಲೆ 240 ಮಿ.ಮೀ. ರೇಡಿಯೇಟರ್ ಹೋಗಿ 360ರದು. ಹಳೆಯದನ್ನು ಬಿಚ್ಚುವಾಗ ಅದರ ರೆಕ್ಕೆಗಳ ನಡುವೆ ಕಂಬಳಿಯಷ್ಟು ದಪ್ಪ ಧೂಳು ಸಿಕ್ಕರೆ ಮುಖ ಸಪ್ಪಗಾಗುತ್ತದೆ. ಬ್ರಷ್ಷಿಗೆ ವಾಸಿಯಾಗುವ ಕಾಯಿಲೆಯನ್ನು ನಾಲ್ಕು ಜನರೆದುರು ಹೇಳಿಕೊಳ್ಳುವುದು ಹೇಗೆ?

ಬೇಸಿಗೆಯನ್ನು ಮರೆತು ಮಾತಾಡುತ್ತಿದ್ದೀರಿ ಎಂದು ಯಾರಾದರೂ ಕೇಳಬಹುದು. 2016ರ ಏಪ್ರಿಲ್‌ನಲ್ಲಿ ಬೆಂಗಳೂರೇ 39.2 ಡಿಗ್ರಿ ಮುಟ್ಟಿತ್ತು, ನಿಜ. ಆದರೆ ನೀರು ಶಾಖವನ್ನು ನುಂಗಿ ಅರಗಿಸಿಕೊಳ್ಳುವುದಿಲ್ಲ; ಪ್ರೊಸೆಸರಿನಿಂದ ಹೊತ್ತು ತಂದು ಕೋಣೆಯ ಗಾಳಿಗೆ ಸುರಿಯುತ್ತದೆ, ಅಷ್ಟೆ. ಕೋಣೆಗಿಂತ ತಣ್ಣಗಾಗುವುದು ಅದರ ಕೈಲಾಗದು. ಕೋಣೆ 10 ಡಿಗ್ರಿ ಏರಿದರೆ ಒಳಗೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಅವನೋ ಜನವರಿಯ ಅಂಕಿಯನ್ನು ಏಪ್ರಿಲ್‌ನದರ ಪಕ್ಕ ಇಟ್ಟು ಪಂಪನ್ನು ಶಂಕಿಸುತ್ತಾನೆ. ಇಂಟೆಲ್‌ನ ಐ9-14900ಕೆ ಪ್ರೊಸೆಸರ್ 253 ವ್ಯಾಟ್, ಆರ್‌ಟಿಎಕ್ಸ್ 4090 ಗ್ರಾಫಿಕ್ಸ್ ಕಾರ್ಡು 450 ವ್ಯಾಟ್ ಎಳೆಯಬಲ್ಲವು. ಎರಡೂ ಪೂರ್ತಿ ದುಡಿದರೆ, ಬಾಗಿಲು ಹಾಕಿಕೊಂಡು ಇಸ್ತ್ರಿ ಪೆಟ್ಟಿಗೆ ಹಚ್ಚಿಟ್ಟು ಕೂತ ಹಾಗೆ. “ರೀ, ಕಿಟಕಿನಾದ್ರೂ ತೆಗೀರಿ” ಎನ್ನುತ್ತಾಳೆ ಹೆಂಡತಿ. “ಧೂಳು ಬರುತ್ತೆ ಕಣೇ!” ಇಡೀ ಪ್ರಕರಣದಲ್ಲಿ ಧೂಳಿನ ನೆನಪು ಅವನಿಗಾಗುವುದು ಇಲ್ಲೊಂದೇ ಕಡೆ.

ಲಕ್ಷಗಟ್ಟಲೆ ಸುರಿದು ಕೊಂಡದ್ದು ಸುಟ್ಟುಹೋದೀತೆಂಬ ಭಯ ಸಹಜವಲ್ಲವೇ? ಸಹಜವೇ, ಸಂಖ್ಯೆಗಳನ್ನು ಓದದವರಿಗೆ. ಆ ಇಂಟೆಲ್ ಪ್ರೊಸೆಸರಿನ ಮಿತಿ 100 ಡಿಗ್ರಿ. ಅಲ್ಲಿಗೆ ಮುಟ್ಟಿದರೆ ತಾನೇ ವೇಗ ತಗ್ಗಿಸಿಕೊಂಡು ಬಚಾವಾಗುತ್ತದೆ. 2022ರಲ್ಲಿ ರೈಜೆನ್ 7000 ಸರಣಿ ಬಂದಾಗ, ಪೂರ್ತಿ ಹೊರೆ ಬಿದ್ದರೆ 95 ಮುಟ್ಟುವಂತೆಯೇ ಅದನ್ನು ರೂಪಿಸಿದ್ದೇವೆಂದು ಎಎಂಡಿ ಕಂಪನಿಯೇ ಹೇಳಿತು. ನಮ್ಮವನು ಇದನ್ನೂ ಓದಿರುತ್ತಾನೆ, ಕಂಪನಿಯವರಿಗೇನು ಗೊತ್ತು ಎಂದು ಪಕ್ಕಕ್ಕಿಡುತ್ತಾನೆ. ಅವನು ನಿಜಕ್ಕೂ ಹೆದರಿದವನಾಗಿದ್ದರೆ ಅಂಕಿ 62ಕ್ಕೆ ಇಳಿದ ದಿನ ನೆಮ್ಮದಿಯಾಗಿ ಆಟ ಆಡಬೇಕಿತ್ತು. ಆಡುವುದಿಲ್ಲ. ವಾರ ಕಳೆಯುವುದರೊಳಗೆ ಚಡಪಡಿಕೆ ಶುರು. ಬಯಾಸ್‌ಗೆ ಹೊಕ್ಕು ಪ್ರೊಸೆಸರಿನ ವೇಗವನ್ನೂ ವೋಲ್ಟೇಜನ್ನೂ ಏರಿಸುತ್ತಾನೆ. ವೋಲ್ಟೇಜು ಒಂದು ಪಾಲು ಏರಿದರೆ ಶಾಖ ಅದರ ವರ್ಗದ ಲೆಕ್ಕದಲ್ಲಿ ಏರುತ್ತದೆಂಬುದು ಅವನಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೇ ಒಂದೊಂದು ಮೆಟ್ಟಿಲು ಮೇಲೆ ಹೋಗುತ್ತಾನೆ, ಪರದೆ 88 ತೋರಿಸುವ ತನಕ. ಅಷ್ಟರಲ್ಲಿ ಪೇಸ್ಟಿನ ಹೊಸ ಟ್ಯೂಬು ಆರ್ಡರ್ ಆಗಿರುತ್ತದೆ.