ಬೀಗ ಅಲ್ರಿ, ಗೀರು: ಎಫ್‌ಎಫ್‌ಎಂಪೆಗ್ ಜೊತೆ ಮಾತುಕತೆ

ಗೋಕಾಕ ಫಾಲ್ಸಿನ ಒಂದು ಫೋಟೊ ಸ್ಟುಡಿಯೊ. ಮದುವೆಯ ಹಂಗಾಮು ಮುಗಿದಿದೆ. ಡಿವಿಡಿ ಡ್ರೈವ್ ಇನ್ನೂ ನಡೆಯುತ್ತದೆ ಎಂಬ ಒಂದೇ ಕಾರಣಕ್ಕೆ ಗುಜರಿಗೆ ಹೋಗದೆ ಉಳಿದ ಕಂಪ್ಯೂಟರಿನ ಕಪ್ಪು ಪರದೆಯಲ್ಲಿ ಬಿಳಿ ಅಕ್ಷರಗಳು ಓಡುತ್ತಿವೆ. ಒತ್ತಲು ಗುಂಡಿ ಇಲ್ಲ, ನೋಡಲು ಮುಖ ಇಲ್ಲ. ಹಳೆ ವಿಡಿಯೊಗಳನ್ನು ಹೊಸ ಫೈಲಿಗೆ ಇಳಿಸುವುದು ಎಫ್‌ಎಫ್‌ಎಂಪೆಗ್ ಎಂಬ ಈ ತಂತ್ರಾಂಶದ ಕಸುಬು, ಬೈಸಿಕೊಳ್ಳುವುದು ಉಪಕಸುಬು.

ನಮಸ್ಕಾರ. ತಮ್ಮ ಮೂಲ ಊರು?

ಶರಣ್ರಿ. ಹುಟ್ಟಿಸಿದಾವ್ರು ಫ್ರಾನ್ಸಿನ ಫಾಬ್ರಿಸ್ ಬೆಲ್ಲಾರ್, 2000ದಾಗ. ಆಮ್ಯಾಲ ದೇಶದೇಶದ ಮಂದಿ ಸೇರಿ ಬೆಳೆಸಿದ್ರು. ಪಗಾರಿಲ್ಲ, ರಜಾ ಇಲ್ಲ. ನೀವು ಹೊಗಳೋ ವಿಎಲ್‌ಸಿ ಪ್ಲೇಯರ್ ಒಳಗೂ ನನ್ನ ಕೋಡ್ ಐತಿ. ಹೆಸರು ಅದರದ್ದು, ದುಡಿಮಿ ನಂದು.

ಗಿರಾಕಿಗಳು ಹೆಚ್ಚಾಗಿ ಏನು ದೂರು ತರುತ್ತಾರೆ?

'ಕಾಪಿ ಆಗವಲ್ದು, ಲಾಕ್ ಹಾಕ್ಯಾರ.' ಎಲ್ಲಾರ ಬಾಯಾಗೂ ಇದಾ ಮಾತು. ನಿನ್ನೆ ಮಿಲ್ಲಿನ್ಯಾಗ ಜಾಬರ್ ಆಗಿದ್ದ ಅಜ್ಜಾರೊಬ್ರು ಬಂದಿದ್ರು. ಮಗಳ ಮದುವಿ ಡಿವಿಡಿ. ಅಕ್ಕಿಕಾಳು ಬೀಳೋ ಹೊತ್ತಿಗೇ ಸರಿಯಾಗಿ ನಿಂತು ಬಿಡತೈತಿ. 'ಮತ್ತೊಮ್ಮೆ ರೊಕ್ಕ ಕೀಳಾಕ ಸ್ಟುಡಿಯೊದಾವ್ರು ಲಾಕ್ ಮಾಡ್ಯಾರ' ಅಂತ ಅವರ ವಾದ. ಡಿಸ್ಕ್ ಹೊಳ್ಳಿಸಿ ನೋಡಿದ್ರ ಕುಂಕುಮದ ಬೆರಳಚ್ಚು, ಅದರ ಬಾಜೂಕ ಉದ್ದಕ ಒಂದು ಗೀರು. ವರ್ಷಾ ವರ್ಷಾ ದಸರಾಕ್ಕ ಪೂಜಿ ಮಾಡಿ ಇಟ್ಟಾರ, ಮೊನ್ನಿ ತನಕ ಒಮ್ಮೆನೂ ಹಾಕಿ ನೋಡಿಲ್ಲ! ನಾ 'ಇನ್‌ಪುಟ್/ಔಟ್‌ಪುಟ್ ಎರರ್' ಅಂದ್ರ 'ಓದಾಕ ಬರವಲ್ದು' ಅಂತ ಅರ್ಥ, 'ಓದಗೊಡಂಗಿಲ್ಲ' ಅಂತಲ್ಲ. ಅಂಗಡ್ಯಾಗ ಸಿಗೋ ಖಾಲಿ ಡಿವಿಡಿಗೆ ಸಿನಿಮಾ ಡಿಸ್ಕಿನ ಬೀಗ ಹಾಕಾಕ ಬರೂದಾ ಇಲ್ರಿ. ಕೀಲಿ ಇಡೋ ಜಾಗಾ ಕಾರ್ಖಾನ್ಯಾಗ ಮುಚ್ಚಿಕೊಂಡಾ ಬಂದಿರತೈತಿ.

ಅಜ್ಜನಿಗೆ ಏನು ಪರಿಹಾರ ಸಿಕ್ಕಿತು?

ಮೊದಲ ಮೆತ್ತನ ಅರಿಬೀಲೆ ನಡುವಿನಿಂದ ಅಂಚಿನ ಕಡೆ ಒರೆಸಿದ್ವಿ. ಸುತ್ತ ತಿರುವಿ ಒರೆಸಿದ್ರ ಹೊಸ ಗೀರು ಬೀಳತಾವ. ಆಮ್ಯಾಲ ನನ್ನ ಗೆಣೆಯ, ಡಿಡಿರೆಸ್ಕ್ಯೂ ಅನ್ನೋ ಪ್ರೋಗ್ರಾಮಿಗೆ ಕೊಟ್ಟೆ. ಅವ ಶಾಣ್ಯಾ. ಓದಾಕ ಬರೋದನ್ನೆಲ್ಲ ಮೊದಲ ಎತ್ತಿಟ್ಟು, ಹಟಮಾರಿ ಜಾಗಾಕ್ಕ ಕಡೀಕ ಹೊಳ್ಳಿ ಬರ್ತಾನ. ಎಲ್ಲಿತನಕ ಆತು ಅಂತ ಒಂದು ಫೈಲಿನ್ಯಾಗ ಬರಕೋತಾನ. ಕರೆಂಟ್ ಹೋದ್ರೂ ಮತ್ತ ಅಲ್ಲಿಂದಾನ ಸುರು.

1887ರಲ್ಲೇ ಕರೆಂಟು ಹುಟ್ಟಿಸಿದ ಊರಿನಲ್ಲಿ ಕರೆಂಟು ಹೋಗುತ್ತದೆಯೇ?

ಆ ಪ್ರಶ್ನೆ ಘಟಪ್ರಭಾಗ ಕೇಳ್ರಿ. 52 ಮೀಟರ್ ಮ್ಯಾಲಿಂದ ಬೀಳಾಕತ್ತಾಳ, ಪುರುಸೊತ್ತಿದ್ರ ಹೇಳ್ತಾಳ.

ಪಾರಿಜಾತ ಬಯಲಾಟದ ವಿಸಿಡಿಗಳೂ ಬರುತ್ತವಂತೆ?

ಬರದಾ ಏನ್ರಿ! ಆ ಆಟಕ್ಕ ಹೆಸರಾದ ಕುಲಗೋಡ ತಮ್ಮಣ್ಣನ ಸೀಮಿ, ಕೌಜಲಗಿ ನಿಂಗಮ್ಮನ ಸೀಮಿ ಇದು. ಜಾತ್ರ್ಯಾಗ ರಾತ್ರಿಯೆಲ್ಲಾ ಆಡಿದ ಶ್ರೀಕೃಷ್ಣ ಪಾರಿಜಾತಾನ ಯಾರೋ ಹಿಡದಿರ್ತಾರ. ವಿಸಿಡಿಗೆ ಬೀಗ ಅನ್ನೋದಾ ಇಲ್ಲ. ಆದ್ರ ಲಿನಕ್ಸಿನ್ಯಾಗ ಅದರ ಡ್ಯಾಟ್ ಫೈಲ್ ಸುಮ್ನ ಕಾಪಿ ಹೊಡ್ಯಾಕ ಹೋದ್ರ ಎರರ್! ಯಾಕಂದ್ರ, ಸಾದಾ ಡಿಸ್ಕಿನ್ಯಾಗ ಒಂದು ಸೆಕ್ಟರಿಗೆ 2048 ಬೈಟ್ ಮಾಲು, ಉಳಿದದ್ದು ತಪ್ಪು ತಿದ್ದಾಕ. ವಿಸಿಡಿದಾವ್ರು ಆ ತಿದ್ದೋ ಜಾಗಾನೂ ಚಿತ್ರಕ್ಕ ಕೊಟ್ಟು 2324 ಬೈಟ್ ತುಂಬ್ಯಾರ. ಅದನ್ನ ಇಳಸಾಕ ವಿಸಿಡಿಎಕ್ಸ್‌ರಿಪ್ ಅಂತ ಬ್ಯಾರೆ ಹತ್ಯಾರ ಐತಿ. ಅದು ಇಳಿಸಿ ಕೊಟ್ಟ ಮ್ಯಾಲ ಮುಂದಿನದು ನನಗ ಬಿಡ್ರಿ. ತೊಂದರಿ ಬ್ಯಾರೇದು. ಚಿತ್ರ ಇರೋದು 352 ಅಡ್ಡ, 288 ಉದ್ದ. 'ಇದನ್ನ ಫೋರ್‌ಕೆ ಮಾಡಿಕೊಡು' ಅಂತಾರ. ಕ್ಯಾಮರಾಕ್ಕ ಕಾಣದ ಸತ್ಯಭಾಮಾನ ಮೂಗಬಟ್ಟ ನಾ ಎಲ್ಲಿಂದ ತರ್ಲಿ?

ಹಾಗಾದರೆ ನಿಜವಾದ ಬೀಗ ಎಲ್ಲಿದೆ?

ಕಂಪನಿ ಅಚ್ಚು ಹಾಕಿ ಮಾರಿದ ಸಿನಿಮಾ ಡಿವಿಡ್ಯಾಗ. ಸಿಎಸ್‌ಎಸ್ ಅಂತ 40 ಬಿಟ್ಟಿನ ಬೀಗ. 1999ರಾಗ ನಾರ್ವೆಯ ಯೋಹಾನ್ಸನ್ ಅನ್ನೋ 15 ವರ್ಷದ ಹುಡುಗ ಮತ್ತಿಬ್ಬರ ಜೋಡಿ ಸೇರಿ ಅದನ್ನ ಬಿಚ್ಚೋ ಪ್ರೋಗ್ರಾಂ ಹೊರಗ ಬಿಟ್ಟ. ಕೇಸ್ ಆತು. 'ತಾನು ಕೊಂಡ ಡಿಸ್ಕ್ ತಾನು ನೋಡಿದ್ರ ತಪ್ಪೇನು' ಅಂತ 2003ರಾಗ ಕೋರ್ಟು ಬಿಟ್ಟು ಕಳಸ್ತು. ಬೀಗ ಹಾಕಿದ ಫೈಲ್ ಹಂಗ ತಂದು ನನ್ನ ಮುಂದ ಇಟ್ರ ಹೀರೋನ ಮಾರಿ ಮ್ಯಾಲ ಹಸರು ಚೌಕಾ ಏಳ್ತಾವ. ನಾ 'ಎಸಿ-ಟೆಕ್ಸ್ ಡ್ಯಾಮೇಜ್ಡ್' ಅಂತ ಸಾಲುಸಾಲಾಗಿ ಒದರ್ತೇನಿ. ಮಂದಿ ನನಗಾ ಬೈತಾರ.

ಬಿಚ್ಚಿದರೆ ನಮ್ಮಲ್ಲಿ ಅಪರಾಧವೇ?

1957ರ ಕಾಪಿರೈಟ್ ಕಾಯ್ದೆಗೆ 2012ರಾಗ 65ಎ ಸೇರಸ್ಯಾರ. ಇನ್ನೊಬ್ಬರ ಹಕ್ಕು ಕಸಿಯೋ ಇರಾದಿಲೆ ಬೀಗ ಮುರಿದ್ರ ಎರಡು ವರ್ಷದ ತನಕ ಜೈಲು, ಮ್ಯಾಲ ದಂಡ. ಕಾಯ್ದೆ ಬ್ಯಾಡ ಅನ್ನದ ಕೆಲಸಕ್ಕಾದ್ರ ಅಡ್ಡಿಲ್ಲ. ಆದ್ರ ಬಿಚ್ಚಾಕ ನೆರವಾದಾವ, ಬಿಚ್ಚಿಸಿಕೊಂಡಾವನ ಹೆಸರು, ವಿಳಾಸ, ಕಾರಣ ಎಲ್ಲಾ ಬರದಿಡಬೇಕು.

ಅಂಥ ರಿಜಿಸ್ಟರ್ ಎಲ್ಲಾದರೂ ನೋಡಿದ್ದೀರಾ?

ಈ ಸ್ಟುಡಿಯೊದಾಗ ಇರೋದು ಚಾದ ಉದ್ರಿ ಬುಕ್ ಒಂದಾ.

ಬೀಗದಿಂದ ಕಳ್ಳತನವಾದರೂ ನಿಂತಿತೇ?

ಕಳ್ಳಗ ಬೀಗದ ಗೊಡವಿ ಯಾಕ್ರಿ? ಅವ ಟಾಕೀಜಿನ್ಯಾಗ ಮೊಬೈಲ್ ಹಿಡಕೊಂಡು ಕುಂತಿರ್ತಾನ. ಬೀಗ ಬಡಕೊಂಡದ್ದು ರೊಕ್ಕಾ ಕೊಟ್ಟು ಡಿಸ್ಕ್ ಕೊಂಡಾವಗ. ತಮಾಷಿ ನೋಡ್ರಿ: ಬೀಗ ಜಡಿದ ಸಿನಿಮಾ ಓಣಿಓಣಿಗೆ ಪೆನ್‌ಡ್ರೈವಿನ್ಯಾಗ ಅದಾವ. ಯಾರೂ ಬ್ಯಾಡ ಅನ್ನದ ಮದುವಿ, ಪಾರಿಜಾತ ಮಾತ್ರ ಒಂದೊಂದಾ ಪ್ರತಿ, ಅದೂ ಟ್ರಂಕಿನ್ಯಾಗ.

ಓದುಗರಿಗೆ ಏನಾದರೂ ಹೇಳುವುದಿದೆಯೇ?

ಹೊಸಾ ಲ್ಯಾಪ್‌ಟಾಪಿಗೆ ಡಿವಿಡಿ ಡ್ರೈವ್ ಬರೋದು ನಿಂತೈತಿ. ಇಂಥ ಹಳೇ ಡಬ್ಬಿ ಸಿಗೋದ್ರಾಗ ನಿಮ್ಮ ಡಿಸ್ಕ್ ಇಳಿಸಿಕೊಳ್ರಿ, ಎರಡು ಕಡೆ ಇಡ್ರಿ. ಎರರ್ ಬಂದ್ರ ಪರದೆ ಫೋಟೊ ಹೊಡದು ಅಳಿಯಗ ಕಳಸಬ್ಯಾಡ್ರಿ. ಕಡೀ ಸಾಲು ಓದ್ರಿ, ಅಲ್ಲೇ ಬರದಿರ್ತೇನಿ.